ಆಯಿ, ಮುತ್ಯಾ, ಕಾಕಾರ ಕಥೆ ಎಲ್ಲಿಡಬೇಕು? ಜೀವನಕಥೆ ಬರೆಯುವವರಿಗೆ ಒಂದು ಹೋಲಿಕೆ

ಕಲಬುರಗಿ, ಬೀದರ, ಯಾದಗಿರಿ ಕಡೆ ನೌಕರಿಯಿಂದ ನಿವೃತ್ತರಾದ ಮೇಲೆ ತಮ್ಮ ಬದುಕನ್ನು ಬರೆದಿಡಬೇಕೆಂದು ಕೂಡುವವರು ಈಗ ಬಹಳ ಮಂದಿ. ಮೊದಲ ಹತ್ತು ಪುಟ ಸರಾಗ ಹೋಗುತ್ತವೆ. ಹುಟ್ಟಿದ ಊರು, ಮನಿ, ಸಾಲಿ. ಆಮೇಲೆ ಮುತ್ಯಾ (ಅಜ್ಜ) ಬರುತ್ತಾನೆ. ಅವನ ಹಿಂದೆ ಆಯಿ (ಅಜ್ಜಿ), ಮುಂಬೈಗೆ ಗುಳೆ ಹೋದ ಕಾಕಾ, ಗಂಡನ ಮನಿ ಬಿಟ್ಟು ತವರಿಗೆ ಮರಳಿದ ಸೋದರತ್ತೆ. ಅವರನ್ನು ಬಿಟ್ಟರೆ ನಮ್ಮ ಕಥೆ ನಿಲ್ಲುವುದಿಲ್ಲ. ಎಲ್ಲರನ್ನೂ ತಂದರೆ ನಮ್ಮ ಕಥೆಗೆ ಜಾಗ ಉಳಿಯುವುದಿಲ್ಲ. ಬಹಳಷ್ಟು ಹಸ್ತಪ್ರತಿಗಳು ಇಲ್ಲಿಗೇ ನಿಂತು ಕಪಾಟು ಸೇರುತ್ತವೆ.

ದಾರಿಗಳು ಹಲವು ಇವೆ. ಯಾವುದು ಯಾರಿಗೆ ಹೊಂದುತ್ತದೆ ಎಂದು ಕೆಳಗೆ ಹೋಲಿಸಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಳಗದ ಕಥೆಗಳಿಗೆ ಬೇರೆಯೇ ಒಂದು ವಹಿ ಇಡಿ, ಮೊದಲು ಅದನ್ನು ತುಂಬಿಸಿ, ನಿಮ್ಮ ಜೀವನಕಥೆಗೆ ಆಮೇಲೆ ಕೈ ಹಾಕಿ. ನಿಮ್ಮ ನೆನಪು ನಿಮ್ಮ ಹತ್ತಿರವೇ ಇದೆ, ಇನ್ನೊಂದು ವರ್ಷ ಕಾಯಬಹುದು. 1948ರಲ್ಲಿ ಎಂಟು ವರ್ಷದವಳಾಗಿದ್ದ ದೊಡ್ಡವ್ವನಿಗೆ ಈಗ 85 ದಾಟಿದೆ. ಆಕೆಯ ನೆನಪು ಕಾಯುವುದಿಲ್ಲ.

ಕಥೆ ಕೂಡಿಸುವುದು: ಫೋನೋ, ನೋಟ್‌ಬುಕ್ಕೋ, ಅವರೇ ಬರೆಯುವುದೋ

ಓದುಬರಹ ಬಲ್ಲ ಹಿರಿಯರಿಗೆ "ನೀವೇ ಬರೀರಿ" ಎಂದು ನೋಟ್‌ಬುಕ್ ಕೊಡುವವರಿದ್ದಾರೆ. ನನಗೆ ಇದು ಅಷ್ಟು ಹಿಡಿಸುವುದಿಲ್ಲ. ಪೆನ್ನು ಹಿಡಿದ ಕೂಡಲೇ ಹಿರಿಯರು ಹುದ್ದೆ, ವರ್ಗಾವಣೆ, ಸನ್ಮಾನಗಳ ಕಡೆ ವಾಲುತ್ತಾರೆ. ಬಾಯಿಂದ ಹೇಳುವಾಗ ಬರುವ ಬೈಗುಳ, ನಗು, ಹಾಡು ಅದರಲ್ಲಿ ಬರುವುದಿಲ್ಲ. ನಮ್ಮ ಕಡೆಯ ಎಂಬತ್ತರ ಮೇಲಿನ ಹೆಣ್ಣುಮಕ್ಕಳಲ್ಲಿ ಸಾಲಿಗೆ ಹೋದವರು ಕಡಿಮೆ ಎಂಬುದನ್ನೂ ಮರೆಯಬಾರದು. ಅವರೇ ಬರೆಯಲಿ ಎಂದು ಕೂತರೆ ಮನೆಯ ಅರ್ಧ ಕಥೆ ಅಲ್ಲಿಗೇ ಹೋಯಿತು.

ಫೋನಿನಲ್ಲಿ ಧ್ವನಿ ಹಿಡಿಯುವುದೇ ಉತ್ತಮ. ಕೆಲವು ಸಣ್ಣ ಸಂಗತಿಗಳನ್ನು ನೋಡಿಕೊಂಡರೆ ಸಾಕು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಿಚಿದ ಟವೆಲ್ ಮೇಲೆ ಅವರ ಹತ್ತಿರ ಇಡಿ. ಫ್ಯಾನ್ ಮತ್ತು ಕೂಲರ್ ಸದ್ದು ಧ್ವನಿಯನ್ನು ತಿಂದುಹಾಕುತ್ತದೆ. ನಮ್ಮ ಬಿಸಿಲಿನಲ್ಲಿ ಫ್ಯಾನ್ ಇಲ್ಲದೆ ಕೂಡಿಸುವುದು ಹಿರಿಯರಿಗೆ ಹಿಂಸೆ, ಆದ್ದರಿಂದ ಏಪ್ರಿಲ್, ಮೇ ಬಿಟ್ಟುಬಿಡಿ. ದೀಪಾವಳಿಯಿಂದ ಶಿವರಾತ್ರಿಯ ತನಕ ಒಳ್ಳೆಯ ಕಾಲ. ಶುರುವಿಗೆ ತಾರೀಕು, ಊರು, ಹೇಳುವವರ ಹೆಸರು, ಕೇಳುವವರ ಹೆಸರು ನೀವೇ ಬಾಯಿಂದ ಹೇಳಿ. ಇಪ್ಪತ್ತು ವರ್ಷದ ಮೇಲೆ ಆ ಫೈಲು ಯಾರ ಕೈಗೆ ಸಿಕ್ಕರೂ ಯಾರ ದನಿ ಎಂದು ತಿಳಿಯಬೇಕು. ಮುಕ್ಕಾಲು ಗಂಟೆಗಿಂತ ಹೆಚ್ಚು ಎಳೆಯಬೇಡಿ.

"ನಿಮ್ಮ ಬಾಲ್ಯದ ಬಗ್ಗೆ ಹೇಳ್ರಿ" ಎಂದು ಕೇಳಿದರೆ "ಏನದ ಹೇಳಾದು, ಕಷ್ಟ ಇತ್ತು" ಎಂಬಲ್ಲಿಗೆ ಮಾತು ಮುಗಿಯುತ್ತದೆ. ವಸ್ತುವೊಂದನ್ನು ಮುಂದಿಡಿ. ಬೀಸುವ ಕಲ್ಲು, ಹಳೇ ಕೌದಿ, ಮದುವೆಯ ಬಿದ್ರಿ ಡಬ್ಬಿ, ಒಂದು ಹಾಲಿ ಸಿಕ್ಕಾ, ಅಂದರೆ ನಿಜಾಮರ ಕಾಲದ ನಾಣ್ಯ. ಸಿಕ್ಕಾ ಕೈಗೆ ಕೊಟ್ಟರೆ ಸಂತೆ ಬರುತ್ತದೆ, ಸಾಲ ಬರುತ್ತದೆ, ಏಳು ಹಾಲಿ ರೂಪಾಯಿಗೆ ಆರು ಕಲ್ದಾರ್ (ಇಂಗ್ಲಿಷರ ರೂಪಾಯಿ) ಎಂಬ ಲೆಕ್ಕ ಬರುತ್ತದೆ, ಆ ಲೆಕ್ಕದಲ್ಲಿ ಮುತ್ಯಾನಿಗೆ ಮೋಸ ಮಾಡಿದ ವ್ಯಾಪಾರಿಯೂ ಬರುತ್ತಾನೆ.

ಹಾಗಾದರೆ ನೋಟ್‌ಬುಕ್ ಬೇಡವೇ? ಬೇಕು. ಕೆಲವರು ಫೋನ್ ಕಂಡರೆ ದನಿ ಬದಲಿಸುತ್ತಾರೆ. ಹೊಲದ ವ್ಯಾಜ್ಯ, ಮನೆ ಒಡೆದ ಕಥೆ, ರಜಾಕಾರರ (ನಿಜಾಮನ ಪರ ನಿಂತ ಖಾಸಗಿ ಪಡೆಯವರ) ದಿನಗಳು ಬಂದಾಗ "ಅದು ಬಂದ್ ಮಾಡು" ಎನ್ನುತ್ತಾರೆ. ಬಂದ್ ಮಾಡಬೇಕು. ಕದ್ದು ಹಿಡಿಯಬಾರದು. ಮನೆಗೆ ಬಂದ ಮೇಲೆ ಅದೇ ರಾತ್ರಿ ನೆನಪಿದ್ದಷ್ಟು ಬರೆದು, ಅವರ ಮಾತು ಯಾವುದು, ನಿಮ್ಮ ಮಾತು ಯಾವುದು ಎಂದು ಬೇರೆ ಮಾಡಿಡಿ.

ಧ್ವನಿಯನ್ನು ಅಕ್ಷರಕ್ಕೆ ಇಳಿಸುವ ಫೋನಿನ ಸೌಲಭ್ಯದಿಂದ ನಮಗೆ ಉಪಯೋಗ ಕಡಿಮೆ. "ಹೋಗ್ಯಾನ", "ಬರ್ಲಿಕತ್ತಾನ" ಎಂಬ ಮಾತುಗಳನ್ನು ಅದು ಪುಸ್ತಕದ ಕನ್ನಡಕ್ಕೆ ತಿರುಗಿಸಿಬಿಡುತ್ತದೆ, ಇಲ್ಲವೇ ಬೇರೇನೋ ಬರೆಯುತ್ತದೆ. ಕಿವಿಗೆ ಇಯರ್‌ಫೋನ್ ಹಾಕಿ ಕೈಯಿಂದಲೇ ಬರೆಯಿರಿ. ನಿಧಾನ ನಿಜ, ಆದರೆ ಹಾಗೆ ಕೇಳುವಾಗಲೇ ಎದುರು ಕೂತಾಗ ತಪ್ಪಿಹೋದ ಮಾತು ಸಿಗುತ್ತದೆ. ಇನ್ನೊಂದು ಮಾತು: ವಾಟ್ಸಾಪಿನಲ್ಲಿ ಬಂದ ವಾಯ್ಸ್ ಮೆಸೇಜುಗಳನ್ನು ಅಲ್ಲೇ ಬಿಡಬೇಡಿ. ಫೋನ್ ಬದಲಾದಾಗ ಮೊದಲು ಹೋಗುವುದು ಅವೇ. ಹೆಸರು, ಊರು, ತಾರೀಕು ಕೊಟ್ಟು ಕಂಪ್ಯೂಟರಿಗೊಂದು, ಪೆನ್‌ಡ್ರೈವಿಗೊಂದು, ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಒಂದು ಪ್ರತಿ ಕಳಿಸಿ.

ಕಾಗದವೋ, ನೆನಪೋ, ಹೆಳವನೋ

ನಮ್ಮ ಮೂರೂ ಜಿಲ್ಲೆಗಳ ಹಳೇ ಕಾಗದಗಳಿಗೆ ಒಂದು ತೊಡಕಿದೆ. ನಿಜಾಮರ ಕಾಲದ ಆಡಳಿತ ಉರ್ದುವಿನಲ್ಲಿತ್ತು. ಸಾಲಿ ದಾಖಲೆ, ಹೊಲದ ಕಾಗದ, ಕೋರ್ಟಿನ ತೀರ್ಪು ಎಲ್ಲ ಉರ್ದು, ವರ್ಷ ಫಸಲಿ, ಅಂದರೆ ನಿಜಾಮರ ಕಂದಾಯ ಲೆಕ್ಕದ ವರ್ಷ. ಬೀದರ ಕಡೆಯ ಕೆಲವು ಮನೆಗಳಲ್ಲಿ ಮೋಡಿ ಅಕ್ಷರದ ಮರಾಠಿ ಕಾಗದಗಳೂ ಇವೆ. ಫಸಲಿ ಸಂಖ್ಯೆಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ: ಫಸಲಿ 1357 ಅಂದರೆ 1947ರಿಂದ 1948ರ ತನಕ. ಫಸಲಿ ವರ್ಷ ಎರಡು ಇಸವಿಗಳ ಮೇಲೆ ಹರಡುವುದರಿಂದ ಒಂದು ವರ್ಷದ ಆಚೀಚೆ ಬಿಟ್ಟುಕೊಳ್ಳಿ. ಆಜೂರ್, ಬಹಮನ್, ಖುರ್ದಾದ್ ಎಂದೆಲ್ಲ ತಿಂಗಳ ಹೆಸರಿದ್ದರೆ ಹೆದರಬೇಡಿ, ಕೈಬರಹದ ಉರ್ದು ಓದುವ ನಿವೃತ್ತ ಮಾಸ್ತರರು ಅಲ್ಲಲ್ಲಿ ಇನ್ನೂ ಇದ್ದಾರೆ. ಅವರಿಗೂ ವಯಸ್ಸಾಗಿದೆ, ಇದನ್ನೂ ಬೇಗ ಮಾಡಿಸಿಕೊಳ್ಳಬೇಕು. ನಮ್ಮ ಭಾಗದವರಿಗೆ ನೌಕರಿ, ಸೀಟಿನಲ್ಲಿ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರಕ್ಕಾಗಿ ಹುಡುಕುವಾಗ ಮುತ್ಯಾನ ಕಾಗದ ನಿಮ್ಮ ಮನೆಯಲ್ಲಿ ಈಗಾಗಲೇ ಹೊರಬಂದಿರಬಹುದು. ಮೊದಲು ಆ ಫೈಲನ್ನು ತೆಗೆದು ನೋಡಿ.

ಕಾಗದಕ್ಕೆ ಇಸವಿ ಗೊತ್ತು, ಮನುಷ್ಯ ಗೊತ್ತಿಲ್ಲ. ಇಸವಿಯನ್ನೂ ಪೂರ್ತಿ ನಂಬುವಂತಿಲ್ಲ. ಸಾಲಿಗೆ ಹೆಸರು ಹಚ್ಚುವಾಗ ಮಾಸ್ತರರು ಅಂದಾಜಿನಲ್ಲಿ ಬರೆದ ಜೂನ್ 1 ಎಷ್ಟೋ ಮಂದಿಯ ಹುಟ್ಟುಹಬ್ಬವಾಗಿ ಉಳಿದಿದೆ.

ನೆನಪು ಇದಕ್ಕೆ ತಿರುವುಮುರುವು. ಇಸವಿ ಇರುವುದಿಲ್ಲ, ಆದರೆ ಗುರುತು ಇರುತ್ತದೆ. "ಪೊಲೀಸ್ ಆಕ್ಷನ್ ಆದ ಮ್ಯಾಲ", "ಬೀದರ ಒಡದು ಉದಗೀರ ಆ ಕಡಿ ಹೋದಾಗ", "ದೊಡ್ಡ ಬರದಾಗ". ಮೊದಲನೆಯದು ನಿಜಾಮರ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಸೈನಿಕ ಕಾರ್ಯಾಚರಣೆ, 1948ರ ಸೆಪ್ಟೆಂಬರ್, ಎರಡನೆಯದು 1956ರ ನವೆಂಬರ್ 1, ಮೂರನೆಯದು ಬಹುತೇಕ 1972ರ ಬರ. ಜಾತ್ರೆ, ಉರುಸುಗಳ ಗುರುತಿನಲ್ಲಿ ಮಾತ್ರ ಎಚ್ಚರ ಬೇಕು. ಶರಣಬಸವೇಶ್ವರರ ತೇರು ಪ್ರತಿ ವರ್ಷ ಹೋಳಿ ಕಳೆದ ಮೇಲೆಯೇ ಬರುತ್ತದೆ. ಆದ್ದರಿಂದ "ತೇರಿನ ಮರುದಿನ ಹುಟ್ಟಿದ" ಅಂದರೆ ತಿಂಗಳು ಸಿಕ್ಕಂತೆ. ಬಂದೇನವಾಜರ ಉರುಸು ಹಿಜ್ರಿ ಲೆಕ್ಕದ್ದು, ವರ್ಷಕ್ಕೆ ಸುಮಾರು 11 ದಿನ ಹಿಂದೆ ಸರಿಯುತ್ತದೆ. "ಉರುಸಿನ ದಿನ ಮಳಿ ಹೊಡದಿತ್ತು" ಎಂದು ಆಯಿ ಹೇಳಿದರೆ ಈಗಿನ ಉರುಸಿನ ತಿಂಗಳು ಹಿಡಿದು ಆಕೆ ತಪ್ಪು ಹೇಳಿದಳು ಎನ್ನಬೇಡಿ.

ಇನ್ನು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಅಂಗಳದಲ್ಲಿ ನಿಂತು ಮನೆತನದ ತಲೆಮಾರುಗಳನ್ನು ಹೇಳಿ ಕಾಳು ಪಡೆದು ಹೋಗುವವರು. ಮೂಲ ಊರು ಯಾವುದು, ಯಾವ ಅಣ್ಣ ಎಲ್ಲಿ ಬೇರೆಯಾದ, ಯಾರಿಗೆ ಎಷ್ಟು ಮಕ್ಕಳು ಎಂಬುದನ್ನು ಅವರು ವಹಿಯಲ್ಲೂ ಬಾಯಲ್ಲೂ ಇಟ್ಟುಕೊಂಡಿರುತ್ತಾರೆ. ನಿಮ್ಮ ಮನೆಗೆ ಹೆಳವರು ಬರುವ ರೂಢಿ ಇದ್ದರೆ ಅವರನ್ನು ಬರಿಗೈಯಲ್ಲಿ ಕಳಿಸಬೇಡಿ, ಅವರ ಮಾತು ಹಿಡಿದಿಟ್ಟುಕೊಳ್ಳದೆಯೂ ಕಳಿಸಬೇಡಿ. ಐದಾರು ತಲೆಮಾರಿನ ಹೆಸರುಗಳಿಗೆ ಅದಕ್ಕಿಂತ ಒಳ್ಳೆಯ ಮೂಲ ನಮ್ಮ ರೈತ ಮನೆಗಳಿಗೆ ಇಲ್ಲ. ಆದರೆ ಆ ಸಾಲಿನಲ್ಲಿ ಗಂಡುಸಂತತಿಯೇ ಮುಖ್ಯ. ಕೊಟ್ಟ ಹೆಣ್ಣುಮಕ್ಕಳು, ತಂದ ಸೊಸೆಯಂದಿರು ಹೆಚ್ಚಾಗಿ ಹೊರಗುಳಿಯುತ್ತಾರೆ.

ಹೊಲದ ಕಾಗದದಲ್ಲೂ ಅವರು ಕಡಿಮೆ, ಸಾಲಿ ದಾಖಲೆಯಲ್ಲೂ ಕಡಿಮೆ. ಅವರು ಸಿಗುವುದು ಬೀಸುವ ಕಲ್ಲಿನ ಪದಗಳಲ್ಲಿ, ಕುಬಸದ ಹಾಡುಗಳಲ್ಲಿ, ಯಾರ ಸೀರೆಯ ತುಂಡು ಯಾವ ಕೌದಿಯಲ್ಲಿದೆ ಎಂಬ ಮಾತಿನಲ್ಲಿ. ಬೀಸುವಾಗ ತವರಿನ ಅಣ್ಣತಮ್ಮಂದಿರ ಹೆಸರು, ಊರಿನ ದಾರಿ, ಅತ್ತೆಯ ಕಾಟ ಎಲ್ಲವನ್ನೂ ಹಾಡಿಗೆ ಹಾಕಿದವರು ಅವರು. ಹೆಣ್ಣುಮಕ್ಕಳ ಕಥೆ ಬೇಕೆಂದರೆ ಮೊದಲು ಹಾಡು ಕೇಳಿ, ಆಮೇಲೆ ಕಥೆ ಕೇಳಿ. ವಂಶವೃಕ್ಷ ಬರೆಯುವಾಗಲೂ ಆಯಿಯ ತವರಿನ ಹೆಸರು, ಆಕೆಯ ಅವ್ವನ ಹೆಸರು ಹಠ ಹಿಡಿದು ಬರೆಯಿರಿ. ನಮ್ಮ ಬೀಗತನಗಳು ಸೋಲಾಪುರ, ಉದಗೀರ, ತಾಂಡೂರು, ಜಹೀರಾಬಾದ್ ತನಕ ಹರಡಿವೆ. 1956ರ ಗೆರೆಗಳು ನೆಂಟರನ್ನು ಮೂರು ರಾಜ್ಯಗಳಿಗೆ ಹಂಚಿಬಿಟ್ಟವು. ತಾಯಿಯ ಕಡೆಯ ಕಥೆ ಹುಡುಕಿಕೊಂಡು ಹೋದವರು ಬಹಳ ಸಲ ಮರಾಠಿಯಲ್ಲೋ ತೆಲುಗಿನಲ್ಲೋ ಉತ್ತರ ಕೇಳಬೇಕಾಗುತ್ತದೆ. ಅದನ್ನು ಅದೇ ಭಾಷೆಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದುಕೊಂಡು, ಕೆಳಗೆ ಕನ್ನಡದ ಅರ್ಥ ಕೊಡಿ.

ಪುಸ್ತಕದಲ್ಲಿ ಜಾಗ: ಹೆಣೆಯುವುದು, ಬೇರೆ ಅಧ್ಯಾಯ, ಬೇರೆ ವಹಿ

ನಿಜವಾದ ಆಯ್ಕೆ ಇರುವುದು ಇಲ್ಲಿ. ಒಂದು ಉದಾಹರಣೆ ಕಟ್ಟಿ ತೋರಿಸುತ್ತೇನೆ. ಸಣ್ಣ ವಯಸ್ಸಿನಲ್ಲಿ ವಿಧವೆಯಾಗಿ ತವರಿಗೆ ಬಂದು ಅಣ್ಣನ ಮಕ್ಕಳನ್ನು ಬೆಳೆಸಿದ ಒಬ್ಬ ಸೋದರತ್ತೆ ಇದ್ದಾಳೆಂದುಕೊಳ್ಳಿ.

ನಿಮ್ಮ ಕಥೆಯೊಳಗೆ ಹೆಣೆದರೆ ಹೀಗೆ ಬರುತ್ತದೆ: "ಶಹಾಬಾದ್ ಸ್ಟೇಷನ್ನಿಗೆ ನನ್ನನ್ನು ಬಿಡಲು ಬಂದವಳು ಅತ್ತಿ. ಗಾಡಿ ಬರುವ ತನಕ ಒಂದೂ ಮಾತಾಡಲಿಲ್ಲ. ಗಾಡಿ ಕದಲಿದಾಗ ಸೆರಗಿನ ಗಂಟು ಬಿಚ್ಚಿ ಐದು ರೂಪಾಯಿ ಕಿಟಕಿಯೊಳಗೆ ತುರುಕಿದಳು. ಅದು ಯಾರ ಹೊಲದಲ್ಲಿ ಕಸ ತೆಗೆದು ಗಳಿಸಿದ ದುಡ್ಡು ಎಂದು ನನಗೆ ಗೊತ್ತಿತ್ತು."

ಬೇರೆ ಅಧ್ಯಾಯವಾದರೆ: "ಅತ್ತಿ ಯಾವ ವರ್ಷ ಹುಟ್ಟಿದಳೆಂದು ಯಾರೂ ಬರೆದಿಡಲಿಲ್ಲ. ರಜಾಕಾರರ ಗದ್ದಲ ಶುರುವಾದಾಗ ಆಕೆಗೆ ಲಗ್ನವಾಗಿ ಒಂದು ಸುಗ್ಗಿ ಕಳೆದಿತ್ತು. ಗಂಡಸರು ಗಡಿ ದಾಟಿ ಸೋಲಾಪುರದ ಕಡೆ ಹೋದ ಮೇಲೆ ಮನೆಯಲ್ಲಿ ಉಳಿದವರು ಮೂರು ಹೆಂಗಸರು, ಎರಡು ಎಮ್ಮೆ."

ವಹಿಯಲ್ಲಿ ಆಕೆಯ ಮಾತಿನಲ್ಲೇ ಇಟ್ಟರೆ: "ನಂದೇನದ ಬರಿಯಾದು. ಗಂಡಸ್ರು ಊರಾಗ ಇರ್ಲಿಲ್ಲ. ನಾವು ಹೆಣ್ಮಕ್ಳು ಬಂಗಾರ ಎಲ್ಲ ಅರಿವ್ಯಾಗ ಕಟ್ಟಿ ಹಗೇವಿನಾಗ ಹಾಕಿ ಮ್ಯಾಲ ಜ್ವಾಳ ಸುರದಿವಿ. ಅವರು ಬಂದ್ರು, ನೋಡಿದ್ರು, ಹೋದ್ರು. ನಮ್ಮತ್ತಿ ಮಾತ್ರ ಮೂರು ದಿನ ನೀರು ಸೈತ ಕುಡಿಲಿಲ್ಲ."

ಮೊದಲನೆಯದು ಓದಲು ಚಂದ. ಪುಸ್ತಕದ ಓಟ ಕೆಡುವುದಿಲ್ಲ, ಅತ್ತಿ ನಮ್ಮ ಕಣ್ಣ ಮುಂದೆ ನಿಲ್ಲುತ್ತಾಳೆ. ಆದರೆ ನಿಮ್ಮನ್ನು ಮುಟ್ಟಿದಾಗ ಮಾತ್ರ ಆಕೆ ಇರುತ್ತಾಳೆ. ಹಗೇವಿನ (ಕಾಳು ತುಂಬುವ ನೆಲದ ಗುಂಡಿಯ) ಸಂಗತಿಗೆ ಅಲ್ಲಿ ಜಾಗವಿಲ್ಲ, ಏಕೆಂದರೆ ಆಗ ನೀವು ಹುಟ್ಟಿರಲಿಲ್ಲ. ಹೆಣೆಯುವುದನ್ನಷ್ಟೇ ನಂಬಿದವರ ಪುಸ್ತಕಗಳಲ್ಲಿ ತ್ಯಾಗ ಮಾಡಿದ ಅತ್ತೆ, ಬುದ್ಧಿ ಹೇಳಿದ ಮುತ್ಯಾ, ಫೀಸು ಕಟ್ಟಿದ ಕಾಕಾ ಸಾಲಾಗಿ ಬಂದು ಹೋಗುತ್ತಾರೆ. ಅವರು ನಮಗಾಗಿ ಬದುಕಿದ ಹಾಗೆ ಕಾಣುತ್ತದೆ. ಅವರಿಗೂ ಸಿಟ್ಟು, ಆಸೆ, ಸಾಲ, ಜಗಳ ಇದ್ದವು.

ಎರಡನೆಯದರಲ್ಲಿ ಆಕೆಗೆ ಆಕೆಯ ಆಯುಷ್ಯ ಸಿಗುತ್ತದೆ. ಇಲ್ಲಿನ ಅಪಾಯ ಬೇರೆ: ನೀವು ನೋಡದಿದ್ದನ್ನು ನೋಡಿದಂತೆ ಬರೆಯುವ ಆಸೆ. "ಆಕೆ ಮನಸ್ಸಿನಲ್ಲೇ ನೊಂದುಕೊಂಡಳು" ಎಂದು ಬರೆಯುವ ಮುಂಚೆ ಆ ಮಾತು ಯಾರು ಹೇಳಿದ್ದು ಎಂದು ಕೇಳಿಕೊಳ್ಳಿ. ಯಾರೂ ಹೇಳಿಲ್ಲವಾದರೆ ತೆಗೆದುಹಾಕಿ. ಬೇಕಿದ್ದರೆ "ನಾನು ಅಂದುಕೊಳ್ಳುವುದು" ಎಂದು ಸ್ಪಷ್ಟವಾಗಿ ಹೇಳಿ. ಇಂಥ ಅಧ್ಯಾಯ ಎರಡೋ ಮೂರೋ ಇರಲಿ. ಎಲ್ಲ ಕಾಕಂದಿರಿಗೂ ಒಂದೊಂದು ಕೊಡಲು ಹೊರಟರೆ ಪುಸ್ತಕ ಮದುವೆಯ ಆಹೇರಿ ಪಟ್ಟಿಯಂತಾಗುತ್ತದೆ, ಯಾರನ್ನು ಬಿಟ್ಟರೂ ಮುನಿಸು.

ಮೂರನೆಯದು ನನಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. "ನೀರು ಸೈತ ಕುಡಿಲಿಲ್ಲ" ಎಂಬ ಮಾತನ್ನು ನೀವು ಎಷ್ಟೇ ಚಂದ ಬರೆದರೂ ಅದಕ್ಕಿಂತ ಚಂದ ಆಗುವುದಿಲ್ಲ. ವಹಿಯಲ್ಲಿ ಕಥೆಗೆ ಉದ್ದ ಗಿಡ್ಡದ ಹಂಗಿಲ್ಲ. ಅರ್ಧ ಪುಟದ ಕಥೆಗೂ ಜಾಗ ಇದೆ, ಎಲ್ಲಿಗೂ ಸೇರದ ಕಥೆಗೂ ಇದೆ. ಪ್ರತಿಯೊಂದರ ಮೇಲೆ ನಾಲ್ಕು ವಿವರ ಇದ್ದರೆ ಸಾಕು: ಯಾರ ಕಥೆ, ಯಾರು ಹೇಳಿದರು, ಹೇಳಿದವರು ಸ್ವತಃ ಕಂಡದ್ದೋ ಕೇಳಿದ್ದೋ, ಯಾವಾಗ ಬರೆದುಕೊಂಡಿದ್ದು. ಕೊರತೆಯೆಂದರೆ ಬೆಂಗಳೂರು, ಪುಣೆಯಲ್ಲಿ ಬೆಳೆದ ಮೊಮ್ಮಕ್ಕಳಿಗೆ ಹಗೇವು, ಅರಿವಿ (ಬಟ್ಟೆ), ಸೈತ (ಕೂಡ) ತಿಳಿಯಲಿಕ್ಕಿಲ್ಲ. ಅಂಚಿನಲ್ಲಿ ಅರ್ಥ ಬರೆಯಿರಿ. ಮಾತನ್ನು ಮಾತ್ರ ತಿದ್ದಬೇಡಿ.

ಹೇಗೆ ನಿರ್ಧರಿಸುವುದು? ಆ ವ್ಯಕ್ತಿಯನ್ನು ತೆಗೆದರೆ ನಿಮ್ಮ ಬದುಕಿನ ದಾರಿಯೇ ಬದಲಾಗುತ್ತಿತ್ತು ಎಂದಾದರೆ ಹೆಣೆಯಿರಿ. ಅವರ ಬದುಕು ಒಂದು ಕಾಲದ ಕಥೆಯನ್ನೇ ಹೇಳುತ್ತಿದ್ದರೆ, ಉದಾಹರಣೆಗೆ 1972ರಲ್ಲಿ ಜೋಳ ಹೋಗಿ ಮುಂಬೈ ಸೇರಿದ ಕಾಕಾ, ವಾಡಿಯ ಸಿಮೆಂಟ್ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ದುಡಿದ ಮಾವ, ಕಲಬುರಗಿಯ ಎಂಎಸ್‌ಕೆ ಬಟ್ಟೆ ಮಿಲ್ಲಿನ ಕೊನೆಯ ದಿನ ಕಂಡ ಅಣ್ಣ, ಅವರಿಗೆ ಅಧ್ಯಾಯ ಕೊಡಿ. ಉಳಿದದ್ದೆಲ್ಲ ವಹಿಗೆ. ವಹಿ ಮೊದಲು ತುಂಬಿದ್ದರೆ ಈ ಆರಿಸುವ ಕೆಲಸ ಹಗುರ. ಯಾವುದನ್ನು ಪುಸ್ತಕದಿಂದ ಬಿಟ್ಟರೂ ಅದು ಕಳೆದುಹೋಗುವುದಿಲ್ಲ ಎಂಬ ಧೈರ್ಯ ಇರುತ್ತದೆ.

ಹೆಸರು ಹೇಳುವುದೋ, ಬದಲಿಸುವುದೋ, ಮುಚ್ಚಿಡುವುದೋ

ಬದುಕಿರುವವರ ಕಥೆಯನ್ನು ಅವರಿಗೆ ಓದಿ ಹೇಳದೆ ಅಚ್ಚಿಗೆ ಕೊಡಬೇಡಿ. ಎರಡನೇ ಸಂಬಂಧ, ಜಾತಿ ಬಿಟ್ಟು ಆದ ಮದುವೆ, ಅಣ್ಣತಮ್ಮಂದಿರ ಹೊಲದ ಕೇಸು, ಕುಡಿತ ಇಂಥವುಗಳಲ್ಲಿ ಹೆಸರು ಬದಲಿಸುವುದು ಸುಲಭವೆಂದು ತೋರುತ್ತದೆ. ಆದರೆ ಊರು, ಸಂಬಂಧ, ವರ್ಷ ಹಾಗೇ ಇದ್ದರೆ ಬಳಗದಲ್ಲಿ ಯಾರೆಂದು ಗೊತ್ತಾಗದೇ ಇರುವುದಿಲ್ಲ. ಹೆಸರು ಬದಲಿಸುವುದು ಹೊರಗಿನವರ ಕಣ್ಣಿಗೆ ಮಾತ್ರ. ಕಾನೂನೂ ಗೊತ್ತಿರಲಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮಿನ ಪ್ರಕಾರ ಮಾನಹಾನಿಗೆ "ನಿಜ ಇತ್ತು" ಎಂಬುದೊಂದೇ ಉತ್ತರ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕರ ಒಳಿತಿಗೆ ಎಂದೂ ಇರಬೇಕು. ತೀರಿಕೊಂಡವರ ಬಗ್ಗೆ ಬರೆದದ್ದೂ, ಮನೆಯವರನ್ನು ನೋಯಿಸುವ ಉದ್ದೇಶದ್ದಾದರೆ, ಇದರೊಳಗೆ ಬರಬಹುದು. ಕಾಕಾ ಬರೆದ ಪತ್ರಗಳು ನಿಮ್ಮ ಟ್ರಂಕಿನಲ್ಲಿದ್ದರೂ ಅಚ್ಚು ಹಾಕುವ ಹಕ್ಕು ಅವರದು, ಅವರ ನಂತರ ಅವರ ವಾರಸುದಾರರದು. ಕೇಳಿ ಹಾಕಿ.

ನೋವಿನ ಸಂಗತಿಗೆ ನನಗೆ ಸರಿ ಕಾಣುವುದು ಮೂರನೇ ದಾರಿ. ಪೂರ್ತಿ ಬರೆದು, ಲಕೋಟೆಯಲ್ಲಿ ಹಾಕಿ, ಇಂಥ ವರ್ಷದ ತನಕ ತೆರೆಯಬಾರದೆಂದು ಮೇಲೆ ಬರೆದು, ನಂಬಿಕೆಯ ಒಬ್ಬರ ಕೈಯಲ್ಲಿ ಕೊಡಿ. ಸುಟ್ಟುಹಾಕುವುದಕ್ಕಿಂತ ಇದು ಒಳ್ಳೆಯದು, ಇವತ್ತೇ ಬಯಲು ಮಾಡುವುದಕ್ಕಿಂತಲೂ.

1948 ಇದಕ್ಕಿಂತ ಭಾರವಾದದ್ದು. ಆ ವರ್ಷದ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು ನಡೆಸಿದ ಕೊಲೆಗಳು ನಮ್ಮ ಕಡೆಯ ಎಷ್ಟೋ ಮನೆಗಳ ನೆನಪಿನಲ್ಲಿವೆ. ಸೆಪ್ಟೆಂಬರಿನ ಸೈನಿಕ ಕಾರ್ಯಾಚರಣೆಯ ಬೆನ್ನಿಗೆ ಮುಸ್ಲಿಮರ ಮೇಲೆ ನಡೆದ ಕೊಲೆ, ಲೂಟಿ ಇನ್ನಷ್ಟು ಮನೆಗಳ ನೆನಪಿನಲ್ಲಿವೆ. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರಗಳನ್ನೂ ಹೆಸರಿಸಿತು. ಆ ವರದಿ ದಶಕಗಳ ಕಾಲ ಹೊರಬರಲಿಲ್ಲ. ಎರಡೂ ಕಡೆಯ ಮನೆಗಳಲ್ಲಿ ಅಜ್ಜಿಯರು ಮಾತಾಡದೇ ಹೋಗಿದ್ದಾರೆ. ಮಾತಾಡುವವರು ಸಿಕ್ಕರೆ ಬರೆದುಕೊಳ್ಳಿ, ಮುಚ್ಚಿಡಬೇಡಿ. ನಿಮ್ಮ ಮನೆ ಕಂಡದ್ದನ್ನು ಕಂಡವರ ಹೆಸರಿನಲ್ಲೇ ಬರೆಯಿರಿ. ಮನೆಯವರಿಗೆ ಆಸರೆ ಕೊಟ್ಟವರು ಯಾವ ಜಾತಿ, ಯಾವ ಧರ್ಮದವರಾದರೂ ಅವರ ಹೆಸರು ಹೇಳಿ. ಇಂಥವನು ಲೂಟಿ ಮಾಡಿದನಂತೆ ಎಂಬ ಕೇಳಿಕೆಯ ಮಾತಿಗೆ ಮಾತ್ರ ಹೆಸರು ಹಚ್ಚಬೇಡಿ. ಅವರ ಮೊಮ್ಮಕ್ಕಳು ಅದೇ ಓಣಿಯಲ್ಲಿದ್ದಾರೆ.

ಅಚ್ಚು, ಫೈಲು, ಫೋಟೋ

ಇದರಲ್ಲಿ ಹೆಚ್ಚು ಯೋಚಿಸುವಂಥದ್ದಿಲ್ಲ. ಡಿಟಿಪಿ ಮಾಡಿಸುವಾಗ ಯೂನಿಕೋಡಿನಲ್ಲೇ ಮಾಡಿಸಿ. ನುಡಿ ತಂತ್ರಾಂಶದ ಹಳೇ ಫಾಂಟಿನ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರವಾಗುತ್ತದೆ. ಪಿಡಿಎಫ್ ಜೊತೆಗೆ ಮೂಲ ಫೈಲನ್ನೂ ಕೇಳಿ ಪಡೆಯಿರಿ. ಜೀವನಕಥೆಯನ್ನು ಅಚ್ಚು ಮಾಡಿಸಿ. ವಹಿಗೆ ಝೆರಾಕ್ಸ್ ತೆಗೆಸಿ ಸ್ಪೈರಲ್ ಹಾಕಿಸಿದರೆ ಸಾಕು, ಅದು ಬೆಳೆಯುತ್ತಾ ಹೋಗುವಂಥದ್ದು. ಹಳೇ ಕಾಗದ, ಫೋಟೋಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ. ಫೋಟೋವನ್ನು ಕನಿಷ್ಠ 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಸಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು ಬರೆಯಿರಿ. ಬಾಲ್‌ಪೆನ್ನಿನ ಗೆರೆ ಮುಂಬದಿಗೆ ಮೂಡುತ್ತದೆ.

ಮಾತು ಹೊಂದದಿದ್ದಾಗ

ಮುತ್ಯಾ ಊರು ಬಿಟ್ಟದ್ದು ಸಾಲಕ್ಕೆ ಎಂದು ದೊಡ್ಡಪ್ಪ ಹೇಳುತ್ತಾರೆ, ಜಗಳಕ್ಕೆ ಎಂದು ಅತ್ತಿ ಹೇಳುತ್ತಾಳೆ. ಒಂದನ್ನು ಆರಿಸುವುದು, ಎರಡನ್ನೂ ಬೆರೆಸಿ ಮೂರನೆಯದು ಮಾಡುವುದು, ಎರಡನ್ನೂ ಪಕ್ಕಪಕ್ಕ ಇಡುವುದು, ಹೀಗೆ ಮೂರು ದಾರಿ. ಬೆರೆಸುವುದು ಎಲ್ಲಕ್ಕಿಂತ ಕೆಟ್ಟದ್ದು, ಅದು ಯಾರೂ ಹೇಳದ ಕಥೆ. ಗಟ್ಟಿ ಕಾಗದದ ಆಧಾರ ಇದ್ದರೆ ಒಂದನ್ನು ಆರಿಸಿ, ಇಲ್ಲವಾದರೆ ಎರಡನ್ನೂ ಹೇಳಿದವರ ಹೆಸರಿನೊಂದಿಗೆ ಇಡಿ.

ಎಲ್ಲಿಂದ ಶುರು ಮಾಡುವುದು ಎಂದು ಕೇಳುವವರಿಗೆ ನಾನು ಹೇಳುವುದು ಎಳ್ಳಮಾವಾಸ್ಯೆ. ಚರಗ ಚೆಲ್ಲಲು ಬಳಗವೆಲ್ಲ ಹೊಲಕ್ಕೆ ಬಂದಿರುತ್ತದೆ, ಪುಣೆಯವರೂ ಹೈದರಾಬಾದಿನವರೂ ಸೇರಿ. ಅಲ್ಲಿ ಫೋನ್ ಹಿಡಿದು ಕೂಡಬೇಡಿ. ಹತ್ತು ಮಂದಿಯ ನಡುವೆ ಗಟ್ಟಿ ದನಿಯವರ ಕಥೆಯಷ್ಟೇ ಬರುತ್ತದೆ. ಭಜ್ಜಿ, ಸಜ್ಜಿ ರೊಟ್ಟಿ ಉಣ್ಣುತ್ತಾ ಯಾರಿಗೆ ಏನು ಗೊತ್ತು, ಯಾರ ಮನೆಯ ಟ್ರಂಕಿನಲ್ಲಿ ಏನಿದೆ ಎಂದಷ್ಟೇ ಕೇಳಿ ಬರೆದುಕೊಳ್ಳಿ. ಆ ಪಟ್ಟಿ ಹಿಡಿದು ಒಬ್ಬೊಬ್ಬರ ಮನೆಗೆ ಬೇರೆ ಬೇರೆ ದಿನ ಹೋಗಿ. ಪಟ್ಟಿಯಲ್ಲಿ ಮೊದಲ ಹೆಸರು ಮನೆಯ ಹಿರಿಯ ಯಜಮಾನನದಾಗಿರುತ್ತದೆ, ಅದು ರೂಢಿ. ಆದರೂ ಮೊದಲು ಅವನ ಹೆಂಡತಿಯ ಹತ್ತಿರ, ಅವನು ಹೊಲಕ್ಕೆ ಹೋದ ಹೊತ್ತಿನಲ್ಲಿ, ಕೂತು ಕೇಳಿ.